ಅಂಚು ಕತ್ತರಿಸಿದ ರೆಕಾರ್ಡು

ನಮ್ಮನೆಯವರು ಬುಕ್ ಬೈಂಡರ್. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಹಾಳೆಯ ಅಂಚು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಈ ಮಹಾನುಭಾವರಿಗೆ ಊಟ ಸೇರುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಮಡಿಸಿಟ್ಟ ಹೊದಿಕೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸಿದ್ದರು.

ಮಗಳಿಗೆ ಹನ್ನೆರಡನೇ ತರಗತಿ. ಎಂಜಿನಿಯರಿಂಗ್ ಸೀಟಿಗಾಗಿ ಎರಡು ವರ್ಷ ಟಿವಿ ಮುಟ್ಟದೆ ಓದಿದ್ದಳು. ಆ ದಿನ ಹನ್ನೆರಡು ಗಂಟೆಯೊಳಗೆ ಫಿಸಿಕ್ಸ್ ರೆಕಾರ್ಡು ಒಪ್ಪಿಸಬೇಕಿತ್ತು. ಇಪ್ಪತ್ತು ಪ್ರಯೋಗ, ಒಂದೊಂದರ ಅಂಚಿನಲ್ಲೂ ಮೇಡಂ ಸಹಿ. ಸಹಿಯಿಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಆಮೇಲೆ ಕಾಲೇಜಿನ ಮಾತೆಲ್ಲಿ?

ಬೆಳಿಗ್ಗೆ ಎಂಟಕ್ಕೆ ಇವರು ಅಂಗಡಿಯಿಂದ ರೆಕಾರ್ಡು ತಂದರು. ಬಿಡಿ ಹಾಳೆಗಳಿಗೆಲ್ಲ ಗಟ್ಟಿ ನೀಲಿ ರಟ್ಟು. ಮಗಳು ಖುಷಿಯಿಂದ ಪುಟ ತಿರುವಿದಳು. ಮುಖ ಬಿಳಿಚಿಕೊಂಡಿತು.

“ಅಪ್ಪ, ಸಹಿ ಎಲ್ಲಿ?”

ಅಂಚು ಸಮ ಮಾಡಲು ಕಟಿಂಗ್ ಮೆಷಿನ್ನಿಗೆ ಕೊಟ್ಟಿದ್ದರು. ಇಪ್ಪತ್ತು ಸಹಿಗಳೂ ಹೋಗಿದ್ದವು.

“ಕಣ್ಣು ಎಲ್ಲಿಟ್ಟುಕೊಂಡಿದ್ರಿ?” ಎಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿದರು. ಹಿಂದೆಯೇ ನಾವೂ ಓಡಿದೆವು. ಮಗಳು ಅಳಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಪುಣ್ಯಕ್ಕೆ ಚೂರುಗಳ ಗೋಣಿಚೀಲ ಅಲ್ಲೇ ಇತ್ತು. ನೆಲಕ್ಕೆ ಸುರಿದು ಮೂವರೂ ಕೆದಕಿದೆವು. ಸಿಕ್ಕಸಿಕ್ಕ ಚೂರನ್ನೆಲ್ಲ ಇವರು ತೆಳು ಕಾಗದ, ಗೋಂದು ಹಚ್ಚಿ ಅದರದರ ಜಾಗಕ್ಕೆ ಕೂರಿಸುತ್ತ ಹೋದರು. ಹನ್ನೊಂದರ ಹೊತ್ತಿಗೆ ಹತ್ತೊಂಬತ್ತು ಸಹಿ ಸಿಕ್ಕವು. ಲೋಲಕದ ಪ್ರಯೋಗದ್ದು ಮಾತ್ರ ಏನು ಮಾಡಿದರೂ ಸಿಗಲಿಲ್ಲ.

ಶಾಲೆಯ ಲ್ಯಾಬಿನಲ್ಲಿ ಮೇಡಂ ಆ ಪುಟವನ್ನು ಎರಡೆರಡು ಸಲ ನೋಡಿದರು. “ಮುನ್ನೂರು ಮಕ್ಕಳಮ್ಮ ನನಗೆ. ನೀನು ಇದನ್ನ ಮಾಡಿದೀಯ ಅಂತ ಹೇಗೆ ಹೇಳಲಿ?”

“ಈಗಲೇ ಮಾಡಿ ತೋರಿಸ್ತೀನಿ ಮೇಡಂ.”

ರೆಕಾರ್ಡು ಮುಚ್ಚಿಟ್ಟು, ದಾರಕ್ಕೆ ಗುಂಡು ಕಟ್ಟಿ, ಉದ್ದ ಅಳೆದು ತೂಗಲು ಬಿಟ್ಟಳು. ಗಡಿಯಾರದಲ್ಲಿ ಹನ್ನೊಂದೂವರೆ. ಬಾಗಿಲಲ್ಲಿ ನಿಂತ ಇವರ ತುಟಿಯೂ ಅವಳ ಜೊತೆ ಎಣಿಸುತ್ತಿತ್ತು. ಒಂದು ಸಲ ಲೆಕ್ಕ ತಪ್ಪಿ, ಅಳಿಸಿ, ಮೊದಲಿಂದ ಶುರುಮಾಡಿದಳು. ನನಗೆ ಜೀವ ಬಾಯಿಗೆ ಬಂತು. ಹನ್ನೆರಡಕ್ಕೆ ನಾಲ್ಕು ನಿಮಿಷವಿದ್ದಾಗ ಮೇಡಂ ಉತ್ತರ ನೋಡಿ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಇವರು ಮೆಲ್ಲಗೆ ಕೇಳಿದರು, “ಕೆಮಿಸ್ಟ್ರಿ ರೆಕಾರ್ಡು ಯಾವಾಗ ಕೊಡಬೇಕು ಪುಟ್ಟಿ?”

“ನಾಡಿದ್ದು. ಅದಕ್ಕೆ ಬೈಂಡಿಂಗ್ ಬೇಡ ಅಪ್ಪ, ನಾನೇ ದಾರ ಹಾಕಿ ಕಟ್ಕೋತೀನಿ.”

ಸಿಟ್ಟಿನಿಂದ ಅಂದದ್ದಲ್ಲ, ಮೆತ್ತಗೇ ಅಂದಳು. ಬೆಳಗಿನಿಂದ ನಾನು ಬೈದದ್ದು ಒಂದೂ ಅವರಿಗೆ ತಟ್ಟಿರಲಿಲ್ಲ. ಈ ಮಾತಿಗೆ ಅವರು ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕೂತರು.