ವೇಷದಲ್ಲಿ ಕೊಟ್ಟ ಮಾತು

ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರಿಗೆ ಏನು ಬೇಕಾದರೂ ಮೊದಲು ನಮ್ಮ ಮನೆಯ ಬಾಗಿಲಿಗೇ ಬರುತ್ತಿದ್ದರು. ಏಣಿ, ಕೊಡೆ, ಮದುವೆಗೆ ಹಂಡೆ, ಎಲ್ಲವೂ ಹೋಗುತ್ತಿದ್ದವು. ಕೆಲವು ಮರಳಿ ಬರುತ್ತಿದ್ದವು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ ಅಪ್ಪ ‘ಒಯ್ರಿ, ಒಯ್ರಿ’ ಎನ್ನುತ್ತಿದ್ದ. ಜನ ಅವನನ್ನು ದೊಡ್ಡ ಮನಸ್ಸಿನವನು ಎಂದು ಹೊಗಳಿದರು. ಹಂಡೆ ಇಲ್ಲದೆ ಗಡಿಗೆಯಲ್ಲಿ ನೀರು ಕಾಯಿಸುತ್ತಿದ್ದ ಅವ್ವನನ್ನು ಯಾರೂ ಹೊಗಳಲಿಲ್ಲ.

ಇಂಥವನಿಗೆ ದೊಡ್ಡಾಟದಲ್ಲಿ ಈಶ್ವರನ ಪಾತ್ರ ಬಿಟ್ಟು ಬೇರೇನು ಕೊಡುತ್ತಾರೆ? ಎಪ್ಪತ್ತರ ದಶಕದಲ್ಲಿ, ಹುನಗುಂದದ ಹತ್ತಿರ ನಮ್ಮ ಸೋದರತ್ತೆಯನ್ನು ಕೊಟ್ಟ ಊರಲ್ಲಿ ವರ್ಷಕ್ಕೊಮ್ಮೆ ಆಟ ನಡೆಯುತ್ತಿತ್ತು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ತಪಸ್ಸಿಗೆ ಮೆಚ್ಚಿದ ದೇವರು ಏನು ಬೇಕು ಕೇಳು ಎನ್ನುತ್ತಾನೆ. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಲಿ ಎಂದು ರಾಕ್ಷಸ ಬೇಡುತ್ತಾನೆ. ದೇವರು ಹಿಂದುಮುಂದು ನೋಡದೆ ಕೊಟ್ಟುಬಿಡುತ್ತಾನೆ. ಆಮೇಲೆ ರಾಕ್ಷಸ ಕೊಟ್ಟವನ ತಲೆಗೇ ಕೈ ಚಾಚುತ್ತಾನೆ. ಕಿರೀಟ ಹಿಡಿದುಕೊಂಡು ಅಪ್ಪ ರಂಗದ ತುಂಬ ಓಡುವಾಗ ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆ ಊರಲ್ಲಿ ಒಂದು ರೂಢಿ. ಬೆಳಗಿನ ಮಂಗಳಾರತಿ ಆಗುವ ತನಕ ಯಾರೂ ವೇಷ ಕಳಚುವಂತಿಲ್ಲ. ಅದಕ್ಕೂ ಮುಂಚೆ ಬಂಧು ಬಳಗದವರು ರಂಗ ಹತ್ತಿ ಪಾತ್ರಧಾರಿಗಳಿಗೆ ಟವೆಲ್ಲು, ತೆಂಗಿನಕಾಯಿ ಕೊಟ್ಟು ಆಹೇರಿ ಮಾಡುತ್ತಾರೆ. ದೇವರ ವೇಷದವನ ಕಾಲಿಗೆ ಬಿದ್ದು ಕೆಲವರು ಬೇಡಿಕೊಳ್ಳುವುದೂ ಉಂಟು. ವೇಷದಲ್ಲಿ ಆಡಿದ ಮಾತು ಮನುಷ್ಯನದಲ್ಲ, ಅದು ತಪ್ಪಿದರೆ ಊರಿಗೇ ಕೇಡು ಎಂದು ನಂಬಿಕೆ.

ಒಂದು ವರ್ಷ ಆಟ ಮುಗಿಯುವಾಗ ಆಗಲೇ ಬಿಸಿಲು ಬಿದ್ದಿತ್ತು. ಅಪ್ಪನ ಮುಖದ ಬಣ್ಣ ಬೆವರಿನೊಂದಿಗೆ ಕೊರಳಿಗೆ ಇಳಿಯುತ್ತಿತ್ತು. ಅತ್ತೆ ರಂಗ ಹತ್ತಿ, ಅಣ್ಣನಿಗೆ ಟವೆಲ್ಲು ಹೊದಿಸಿ, ಎರಡೂ ಕಾಲು ಹಿಡಿದುಕೊಂಡಳು.

‘ಅಣ್ಣಾ, ನಿನ್ನ ಹಿರೇ ಮಗಳ್ನ ನನ್ನ ಮಗಗ ಕೊಡು. ಇಷ್ಟು ಮಂದಿ ಮುಂದ ಕೇಳಾಕತ್ತೇನಿ.’

ಅತ್ತೆಯ ಮಗ ಎಂಥವನೆಂದು ಅಪ್ಪನಿಗೆ ಗೊತ್ತಿತ್ತು. ಸಿಟ್ಟಿನ ಭರದಲ್ಲಿ ಹೊಡೆದು ಎತ್ತಿನ ಕಣ್ಣು ಕಳೆದವನು ಅವನು. ಹೆತ್ತವಳ ಮೇಲೂ ಕೈ ಮಾಡಿದ್ದ. ಗಂಡಸು ಕೆಟ್ಟರೆ ನಮ್ಮ ಕಡೆ ಔಷಧಿ ಒಂದೇ, ಮದುವೆ. ಆ ಔಷಧಿಯನ್ನು ಅರೆಯುವುದು ಮಾತ್ರ ಯಾರದೋ ಮಗಳನ್ನು ಹಾಕಿ.

ಅಪ್ಪ ಮಂದಿಯ ಕಡೆ ನೋಡಿದ. ಮಂದಿ ನೋಡುತ್ತಿತ್ತು. ತ್ರಿಶೂಲ ಎತ್ತಿ, ‘ಕೊಟ್ಟೇನಿ, ತಂಗೆವ್ವಾ’ ಅಂದ. ಚಪ್ಪಾಳೆ ಬಿತ್ತು.

ಅಕ್ಕ ಆಗ ಮೆಟ್ರಿಕ್ ಪಾಸಾಗಿದ್ದಳು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಚಿಗವ್ವನ ಮನೆಯಲ್ಲಿದ್ದು, ಸಾಲಿ ಟೀಚರಾಗುವುದಕ್ಕೆ ಕಲಿಯುವುದೆಂದು ಠರಾವಾಗಿತ್ತು. ಅಪ್ಪನೇ ಒಪ್ಪಿದ್ದ.

‘ಅಪ್ಪಾ, ನನಗೂ ಹೂಂ ಅಂದಿದ್ಯಲ್ಲ?’ ಎಂದಳು ಅಕ್ಕ.

‘ನಿನಗ ಅಪ್ಪ ಆಗಿ ಅಂದಿದ್ನೆವ್ವಾ. ಆಕಿಗೆ ಈಶ್ವರ ಆಗಿ ಅಂದುಬಿಟ್ಟೇನಿ.’

ಅವ್ವ ಅಡುಗೆಮನೆಯಿಂದ ಎದ್ದು ಬಂದಳು. ‘ಮಾರಿ ತೊಳಕೊಂಡ್ರ ಈಶ್ವರ ಹೋಗ್ತಾನ್ರೀ. ಮಗಳು ಹೋದ್ರ ತಿರುಗಿ ಬರೂದಿಲ್ಲ’ ಅಂದಳು.

ಅಪ್ಪ ಮಗ್ಗಕ್ಕೆ ಇಳಿದ. ಮದುವೆಯ ಸೀರೆಯನ್ನು ತಾನೇ ನೇಯ್ದ. ಕೆಂಪು ಸೆರಗನ್ನು ಒಡಲಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದ. ಅಷ್ಟು ಚಂದದ ಸೀರೆ ಅವನ ಮಗ್ಗದಿಂದ ಮತ್ತೆ ಇಳಿಯಲಿಲ್ಲ. ನನಗೆ ಅದನ್ನು ಒಲೆಗೆ ಹಾಕಬೇಕೆನ್ನಿಸಿತ್ತು.

ಆ ಹಳೆಯ ಕಥೆಯ ಕೊನೆಯಲ್ಲಿ ಇನ್ನೊಬ್ಬ ದೇವರು ಹೆಣ್ಣಿನ ವೇಷದಲ್ಲಿ ಬಂದು, ರಾಕ್ಷಸನನ್ನು ಕುಣಿಸಿ, ಅವನ ಕೈಯನ್ನು ಅವನ ತಲೆಗೇ ಇಡಿಸುತ್ತಾನೆ. ಎಲ್ಲರೂ ಉಳಿಯುತ್ತಾರೆ. ನಾನು ಈ ಕಥೆಯನ್ನು ಮನಸ್ಸಿನಲ್ಲಿ ಎಷ್ಟೋ ಸಲ ತಿದ್ದಿದ್ದೇನೆ. ನನ್ನ ಕಥೆಯಲ್ಲಿ ವರ ಕೊಟ್ಟ ದೇವರು ಓಡುವುದಿಲ್ಲ, ಕೈಲಾಸದಲ್ಲಿ ಆರಾಮ ಕೂತಿರುತ್ತಾನೆ. ಯಾಕೆಂದರೆ ರಾಕ್ಷಸ ಕೈಯಿಡುವುದು ಅವನ ಮಗಳ ತಲೆಯ ಮೇಲೆ. ಬಿಡಿಸಲು ಬರುವುದಕ್ಕೆ ಬೇರೆ ಯಾವ ದೇವರಿಗೂ ಪುರುಸೊತ್ತಿಲ್ಲ. ಅಲ್ಲಿರುವುದು ಖರೇ ಹೆಣ್ಣು, ಅವಳಿಗೆ ಮಾಯೆ ಗೀಯೆ ಏನೂ ಬರುವುದಿಲ್ಲ.

ಎಂಬತ್ತರ ದಶಕದ ಒಂದು ನಾಗರ ಪಂಚಮಿಗೆ ಅಕ್ಕ ತವರಿಗೆ ಬಂದಳು. ಎಣ್ಣೆ ಹಚ್ಚಲು ಕೂರಿಸಿಕೊಂಡ ಅವ್ವನ ಬೆರಳಿಗೆ ಕೂದಲ ನಡುವೆ ಹಳೆಯ ಗಾಯದ ಗಂಟುಗಳು ಸಿಕ್ಕವು. ಅವ್ವ ಎಣ್ಣೆಯ ಬಟ್ಟಲು ಬದಿಗಿಟ್ಟು ಅತ್ತಳು. ಅಕ್ಕ ಅಳಲಿಲ್ಲ. ನನಗೆ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಹಬ್ಬ ಮುಗಿಸಿ ಹೊರಡುವ ದಿನ ಅಪ್ಪ ರೂಢಿಯಂತೆ, ‘ಏನರ ಬೇಕೇನವ್ವಾ? ಕೇಳು, ಕೊಡ್ತೇನಿ’ ಅಂದ.

‘ಖರೇನ ಕೊಡ್ತಿ?’

‘ಮಂದಿಗೆಲ್ಲಾ ಕೊಟ್ಟೇನಿ, ನಿನಗ ಕೊಡೂದಿಲ್ಲೇನು?’

‘ಹಂಗಾರ ನನ್ನ ಇಲ್ಲೇ ಇಟ್ಕೋ ಅಪ್ಪಾ. ಕೂಳು ಹಾಕಬ್ಯಾಡ, ಮಗ್ಗದ ಕಂಡಿಕಿಗೆ ನೂಲು ಸುತ್ತಿ ದುಡದು ತಿಂತೇನಿ. ಆ ಮನಿಗೆ ಮಾತ್ರ ಕಳಸಬ್ಯಾಡ.’

ಅಪ್ಪ ಅಕ್ಕನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಅವ್ವನಿಗೆ, ‘ಬಸ್ಸಿಗೆ ಹೊತ್ತಾತು. ಉಡಿ ತುಂಬಿ ಕಳಸು’ ಅಂದ.

ಅವ್ವ ಉಡಿ ತುಂಬುವಾಗ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಅಕ್ಕ ಬಗ್ಗಿ ಅದನ್ನೂ ಬಳಿದು ಉಡಿಗೆ ಹಾಕಿಕೊಂಡಳು. ಅಪ್ಪನ ಕಾಲಿಗೆ ಬಿದ್ದು, ‘ಬರ್ತೇನಿ’ ಎಂದು ಹೇಳಿ ಹುನಗುಂದದ ಬಸ್ಸು ಹತ್ತಿದಳು. ಅದಾದ ಮೇಲೆ ಅಕ್ಕ ಯಾರ ಹತ್ತಿರವೂ ಏನನ್ನೂ ಕೇಳಲಿಲ್ಲ.