ಬೀಗರು ಕೊಟ್ಟ ಮೀನು

ನನ್ನ ಆಯುಷ್ಯದ ಬಹುಭಾಗವನ್ನು ನಾನು ಒಂದೇ ಮಾತು ಹೇಳುತ್ತ ಕಳೆದಿದ್ದೇನೆ: ‘ಒಳಗ ಸರೀರಿ, ಜಾಗಾ ಐತಿ.’ ಬೈಲಹೊಂಗಲದಿಂದ ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ತಿರುಗುವ ಬಸ್ಸುಗಳಲ್ಲಿ ನಾನು ಕಂಡಕ್ಟರ್ ಆಗಿದ್ದೆ. ಬಸ್ಸಿನಲ್ಲಿ ನಿಜವಾಗಿ ಜಾಗ ಇರುತ್ತಿತ್ತೆಂದಲ್ಲ. ಇದೆ ಎಂದು ಗಟ್ಟಿಯಾಗಿ ಹೇಳಿದರೆ ಜನ ಹೇಗೋ ಮಾಡಿಕೊಳ್ಳುತ್ತಿದ್ದರು. ಕೋಳಿ ಹಿಡಿದವರು, ಕೂಸು ಹೊತ್ತವರು, ಮೆಣಸಿನಕಾಯಿ ಚೀಲದವರು, ಎಲ್ಲರೂ ಬಾಗಿಲು ಹಾಕುವುದರೊಳಗೆ ಒಳಗೆ ಸೇರಿರುತ್ತಿದ್ದರು. ಹೀಗಾಗಿ ಹೊಂದಿಕೊಳ್ಳದ ಪ್ರಾಣಿ ಲೋಕದಲ್ಲಿ ಇಲ್ಲ, ಹೊಂದಿಸುವವನಿಗೆ ಗಂಟಲು ಬೇಕು ಅಷ್ಟೆ ಎಂಬ ನಂಬಿಕೆಯೊಂದಿಗೆ ನಾನು ನಿವೃತ್ತನಾದೆ. ಮೀನುಗಳಿಗೆ ನನ್ನ ಗಂಟಲು ತಾಗುವುದಿಲ್ಲ ಎಂದು ತಿಳಿದದ್ದು ಆಮೇಲೆ.

ಮಗಳು ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಗೋಲ್ಡ್ ಫಿಶ್ ತಂದು ಗಾಜಿನ ಬಟ್ಟಲಿನಲ್ಲಿ ಬಿಟ್ಟಿದ್ದಳು. ರಾಮದುರ್ಗಕ್ಕೆ ಮದುವೆಯಾಗಿ ಹೊರಟ ದಿನ ಎಲ್ಲರ ಕಾಲಿಗೂ ಬಿದ್ದು, ಅತ್ತು, ಮೂಗು ಒರೆಸಿಕೊಂಡು ಕೊನೆಗೆ ನನಗೆ ಹೇಳಿದ್ದು, ‘ಅಪ್ಪಾ, ಅದನ್ನ ಛಲೋತಂಗ ನೋಡ್ಕೋ.’ ನೋಡಿಕೊಂಡೆ. ಅವಳಿಲ್ಲದ ಮನೆಯಲ್ಲಿ ನಾನು ಹೆಚ್ಚು ಮಾತಾಡುತ್ತಿದ್ದದ್ದು ಆ ಮೀನಿನ ಜೊತೆಗೇ. ತಿರುಗಿ ಮಾತಾಡದವರೆಂದರೆ ನನಗೆ ಬಹಳ ಸೇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಹೊಸ ಮನೆ ಕಟ್ಟಿಸಿದಾಗ ನಡುಮನೆಯ ಗೋಡೆಗೆ ಒಂದು ದೊಡ್ಡ ಅಕ್ವೇರಿಯಂ ಇಡಿಸಿದೆ. ಒಂಟಿ ಮೀನಿಗೆ ಅಷ್ಟು ದೊಡ್ಡ ಮನೆ ಯಾಕೆ ಎಂದು ಹೆಂಡತಿ ಕೇಳಿದಳು. ಇಬ್ಬರಿಗೆ ಇಷ್ಟು ದೊಡ್ಡ ಮನೆ ಯಾಕೆ ಎಂದು ಮೀನು ಕೇಳಿಲ್ಲವಲ್ಲ ಎಂದೆ. ವಾಸ್ತುಶಾಂತಿಗೆ ಕರೆಯುವಾಗ ಅವಳು ಒಂದು ನಿಯಮ ಮಾಡಿದಳು: ಯಾರೂ ಆಯೇರಿ ತರಕೂಡದು. ಆಯೇರಿ ಎಂದರೆ ನಮ್ಮ ಕಡೆ ಕಾರ್ಯಗಳಲ್ಲಿ ಕೊಡುವ ಬಟ್ಟೆ. ಕೊಟ್ಟವರು ಕೊಂಡಿರುವುದಿಲ್ಲ, ಇಸಗೊಂಡವರು ಉಡುವುದಿಲ್ಲ. ಕಿತ್ತೂರಿನಲ್ಲಿ ಕೊಟ್ಟ ಕುಪ್ಪಸದ ಬಟ್ಟೆ ಸವದತ್ತಿ, ಸಿರಸಂಗಿ ಸುತ್ತಿ, ಮಡಿಕೆಯೂ ಬಿಚ್ಚದೆ ಮತ್ತೆ ಕಿತ್ತೂರಿಗೇ ಬರುತ್ತದೆ. ನನ್ನ ಬಸ್ಸಿಗಿಂತ ನಿಯತ್ತಾಗಿ ಓಡಾಡುತ್ತದೆ.

ಆದರೆ ಬರಿಗೈಯಲ್ಲಿ ಬರುವ ಜನ ನಮ್ಮವರಲ್ಲ. ಬಟ್ಟೆ ಬೇಡ ಅಂದಾರೆ, ಮನೆಯಲ್ಲಿ ಅಕ್ವೇರಿಯಂ ಐತಂತೆ ಎಂಬ ಸುದ್ದಿ ಬಳಗದಲ್ಲಿ ಹರಡಿತು. ಕಿತ್ತೂರಿನ ಅತ್ತಿಗೆ ಒಂದು ಜೋಡಿ ಏಂಜಲ್ ಮೀನು ತಂದರು. ಮುರಗೋಡದ ತಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಗಪ್ಪಿ ಮರಿ ತಂದ. ಎಲ್ಲರಿಗಿಂತ ಕಡೆಗೆ ರಾಮದುರ್ಗದ ಬೀಗರು, ಅಂದರೆ ಮಗಳ ಮಾವನವರು, ತಲೆಗೆ ರೇಷ್ಮೆ ರುಮಾಲು ಸುತ್ತಿಕೊಂಡು, ಉಪ್ಪಿನಕಾಯಿಯ ಗಾಜಿನ ಬರಣಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಒಳಗೆ ಬೂದು ಬಣ್ಣದ, ಕೆಂಪು ಕಣ್ಣಿನ ಒಂದು ಮರಿ.

‘ಫ್ಲವರ್‌ಹಾರ್ನ್ ಅಂತಾರ್ರಿ ಬೀಗರ ಇದಕ್ಕ. ಇದಿದ್ದ ಮನ್ಯಾಗ ಲಕ್ಷ್ಮಿ ಕಾಲು ಮುರ್ಕೊಂಡು ಬಿದ್ದಿರ್ತಾಳಂತ,’ ಎಂದರು.

ಎಲ್ಲವನ್ನೂ ಒಂದೇ ನೀರಿಗೆ ಬಿಟ್ಟೆ. ಒಬ್ಬರ ಮೀನನ್ನು ಒಳಗೆ ಬಿಟ್ಟು ಇನ್ನೊಬ್ಬರದನ್ನು ಬಕೆಟ್ಟಿನಲ್ಲಿಟ್ಟರೆ ಬಳಗ ಉಳಿಯುತ್ತದೆಯೇ? ಒಳಗ ಸರೀರಿ, ಜಾಗಾ ಐತಿ ಎಂದೆ. ಬಂದವರೆಲ್ಲ ನಕ್ಕರು. ಬೀಗರ ಮರಿ ಮಾತ್ರ ಮೂಲೆಯಲ್ಲಿ ನಿಂತು ಪ್ರಯಾಣಿಕರನ್ನು ಎಣಿಸುತ್ತಿತ್ತು.

ಮೊದಲು ಗಪ್ಪಿಗಳು ಕಾಣೆಯಾದವು. ಸಣ್ಣ ಜೀವ, ಹವಾ ಒಗ್ಗಲಿಲ್ಲ ಎಂದುಕೊಂಡೆವು. ಸತ್ತದ್ದು ಒಂದಾದರೂ ಮೇಲೆ ತೇಲಬೇಕಿತ್ತಲ್ಲ ಎಂಬ ವಿಚಾರ ಇಬ್ಬರ ತಲೆಗೂ ಬಂತು, ಇಬ್ಬರೂ ಬಾಯಿ ಬಿಡಲಿಲ್ಲ. ಬೂದು ಮರಿ ದಿನದಿನಕ್ಕೆ ಕೊಬ್ಬಿತು. ಮೈಯೆಲ್ಲ ಕೆಂಪೇರಿ, ಹಣೆಯ ಮೇಲೆ ಒಂದು ದೊಡ್ಡ ಗುಬುಟು ಎದ್ದಿತು. ಥೇಟ್ ರುಮಾಲು. ಹೆಂಡತಿ ಅದನ್ನು ‘ಬೀಗರು’ ಎಂದೇ ಕರೆಯತೊಡಗಿದಳು. ‘ಬೀಗರ ಊಟ ಆತೇನ್ರಿ?’ ಎಂದು ಅಡಿಗೆಮನೆಯಿಂದ ಕೂಗಿದರೆ ನಾನು ಹೋಗಿ ಕಾಳು ಉದುರಿಸುತ್ತಿದ್ದೆ. ಬಹುವಚನ ಕೊಟ್ಟ ಮೇಲೆ ಬೈಯುವುದು ಕಷ್ಟವಾಗುತ್ತದೆ.

ಏಂಜಲ್‌ಗಳ ರೆಕ್ಕೆ ಹರಿದು, ಅವೂ ಒಂದರ ಹಿಂದೆ ಒಂದು ಹೋದವು. ಉಳಿದದ್ದು ಮಗಳ ಗೋಲ್ಡ್ ಫಿಶ್. ಬೀಗರು ಈಗ ಅದರ ಬೆನ್ನು ಹತ್ತಿದರು. ಅದು ಗಾಳಿ ಬಿಡುವ ಪೈಪಿನ ಹಿಂದೆ ಗೋಡೆಗೆ ಮೈ ಒತ್ತಿ ನಿಲ್ಲುತ್ತಿತ್ತು. ಊಟಕ್ಕೂ ಹೊರಗೆ ಬರುತ್ತಿರಲಿಲ್ಲ. ಬಂದರೆ ಬಾಲದ ಒಂದು ಚೂರು ಕೊಟ್ಟು ಹೋಗಬೇಕಿತ್ತು.

ಬಸ್ಸಿನಲ್ಲಿ ಕುಡಿದು ಕೈ ಎತ್ತಿದವರನ್ನು ನಾನು ಸಿರಸಂಗಿ ಕ್ರಾಸಿನ ಉರಿಬಿಸಿಲಿನಲ್ಲಿ ಸೀಟಿ ಊದಿ ಇಳಿಸಿದವನು. ಅವರಲ್ಲಿ ಒಬ್ಬ ದೊಡ್ಡ ಪುಢಾರಿಯ ಅಳಿಯನೂ ಇದ್ದ. ಅಂಥವನಿಗೆ ಒಂದು ಮೀನನ್ನು ನೀರಿನಿಂದ ಎತ್ತುವ ಧೈರ್ಯವಿರಲಿಲ್ಲ. ರಾಮದುರ್ಗದ ಬೀಗರು ಬಂದಾಗ ತಮ್ಮ ಮೀನು ಬಚ್ಚಲಿನ ಟಬ್ಬಿನಲ್ಲಿ ಇರುವುದನ್ನು ಕಂಡರೆ? ಹೋಳಿಗೆಯ ಮೇಲೆ ತುಪ್ಪ ಮೊದಲು ಯಾರಿಗೆ ಬಡಿಸಿದರು ಎಂಬುದಕ್ಕೆ ವರ್ಷಗಟ್ಟಲೆ ಮಾತು ಬಿಟ್ಟ ಬೀಗರನ್ನು ನಾವು ನೋಡಿದ್ದೇವೆ. ಮಗಳು ಅವರ ಮನೆಯಲ್ಲಿ ಇದ್ದಾಳೆ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಹೀಗಾಗಿ ಮುನಿದ ಬೀಗರಿಗೆ ಏನು ಮಾಡುತ್ತಾರೋ ಅದನ್ನೇ ಮಾಡಿದೆವು. ಉಪಚಾರ ಹೆಚ್ಚಿಸಿದೆವು. ಬೆಳಗಾವಿಯಿಂದ ತುಟ್ಟಿ ಕಾಳು ತರಿಸಿದೆ. ಹೊಟ್ಟೆ ತುಂಬಿದರೆ ಕಚ್ಚಲಿಕ್ಕಿಲ್ಲ ಎಂದು ಲೆಕ್ಕ. ಹೊಟ್ಟೆ ತುಂಬಿದ ಮೇಲೆ ಕಚ್ಚಲು ಇನ್ನಷ್ಟು ಬಲ ಬಂತು. ಅಡಗಿಕೊಳ್ಳಲಿ ಎಂದು ಗೋಲ್ಡ್ ಫಿಶ್‌ಗೆ ಒಂದು ಮಣ್ಣಿನ ಗಡಿಗೆ ಮಲಗಿಸಿ ಇಟ್ಟೆ. ಅದೇ ದಿನ ಬೀಗರು ಅದರೊಳಗೆ ಸಂಸಾರ ಹೂಡಿ, ಗಡಿಗೆಯ ಬಾಯಿಂದ ಮುಖ ಹೊರಗೆ ಹಾಕಿ ನನ್ನನ್ನೇ ನೋಡಿದರು. ಗಡಿಗೆ ತಂದುಕೊಟ್ಟಿದ್ದಕ್ಕೆ ಉಪಕಾರ ಎನ್ನುವ ಹಾಗಿತ್ತು.

ನಿಜವಾದ ಬೀಗರು ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, ‘ನಮ್ಮಾಂವ ಹೆಂಗದಾನ್ರಿ?’

‘ಆರಾಮ ಅದಾನ್ರಿ,’ ಎನ್ನುತ್ತಿದ್ದೆ.

‘ಎಲ್ಲಾರ ಜೋಡಿ ಹೊಂದ್ಯಾನೇನ್ರಿ?’

‘ಭಾಳ ಛಲೋ ಹೊಂದ್ಯಾನ್ರಿ.’ ಪೈಪಿನ ಹಿಂದಿನ ಒಂದನ್ನು ಬಿಟ್ಟರೆ ಹೊಂದುವುದಕ್ಕೆ ಯಾರೂ ಉಳಿದಿರಲಿಲ್ಲವಾದ್ದರಿಂದ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಪಂಚಮಿಗೆ ಮಗಳು ತವರಿಗೆ ಬಂದಳು. ಚಪ್ಪಲಿ ಬಿಟ್ಟವಳೇ ಅಕ್ವೇರಿಯಂ ಮುಂದೆ ನಿಂತಳು. ಪೈಪಿನ ಹಿಂದೆ ನಿಂತಿದ್ದ ಮೀನಿಗೆ ಬಾಲ ಎನ್ನುವುದು ಉಳಿದಿರಲಿಲ್ಲ, ಒಂದು ಮೋಟು ಇತ್ತು. ಹೆಂಡತಿ ಶೇಂಗಾ ಉಂಡಿಯ ತಾಟು ಹಿಡಿದು ಬಂದು, ಉಂಡಿ ಹೇಗಾಗಿವೆ ನೋಡು ಎಂದಳು. ಮಗಳು ತಾಟಿನ ಕಡೆ ತಿರುಗಲಿಲ್ಲ.

‘ಯಾಕ ಬ್ಯಾರೆ ಮಾಡಿಲ್ಲಪಾ?’ ಎಂದು ಕೇಳಿದಳು.

‘ಬೀಗರು ಕೊಟ್ಟ ಮೀನವ್ವಾ ಅದು. ಏನಂದಾರು?’

‘ಮೀನ ಅವರದು. ನೀರು ಯಾರದಪ್ಪಾ?’

ನಾನು ಉಂಡಿ ತೆಗೆದುಕೊಂಡೆ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಿಲ್ಲ. ಆದರೆ ಅವಳು ಮುಗಿಸಿರಲಿಲ್ಲ. ‘ನಾಳೆ ನನಗ ಯಾರರ ಹಿಂಗ ಮಾಡಿದ್ರೂ, ಬೀಗರು ಏನಂದಾರು ಅಂತ ಕಾಳು ಹಾಕ್ಕೋತ ಕುಂಡ್ರತೀಯೇನು?’ ಎಂದಳು. ನಗುತ್ತಲೇ ಅಂದಳು. ನಾನು ಇನ್ನೊಂದು ಉಂಡಿಗೆ ಕೈ ಹಾಕಿದೆ.

ನನ್ನ ಉತ್ತರಕ್ಕೆ ಕಾಯದೆ ಅವಳು ಮಾವನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿ ಟೇಬಲ್ ಮೇಲಿಟ್ಟಳು. ‘ಮಾವಾರ, ನಿಮ್ಮ ಮೀನ ಇಲ್ಲಿ ಎಲ್ಲಾರ್ನೂ ತಿಂದು ಕುಂತೈತ್ರಿ.’

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಕಡೆಯಿಂದ ಬೀಗರ ಧ್ವನಿ ಬಂತು. ‘ಅಲ್ಲೂ ತಿಂತೇನವಾ? ನಮ್ಮಲ್ಲೂ ಹಂಗ ಮಾಡಿತ್ತು. ನಮ್ಮ ಸವದತ್ತಿ ಅಳಿಯಂದಿರು ಕೊಟ್ಟಿದ್ರು, ಹೊಳ್ಳಿ ಕೊಡಾಕ ಬರೂದಿಲ್ಲ ನೋಡು. ವಾಸ್ತುಶಾಂತಿ ಬಂತು, ನಿಮ್ಮಪ್ಪಗ ಕೊಟ್ಟೆ. ಹೇಳಬೇಕು ಅಂತ ಪ್ರತಿ ಸಲ ಫೋನ್ ಹಚ್ಚತಿದ್ದೆ. ಆದ್ರ ನಿಮ್ಮಪ್ಪಾರು ಪ್ರತಿ ಸಲ ಆರಾಮ ಅದಾನ ಅಂತಿದ್ರು. ಕಂಡಕ್ಟರ್ ಮನಿಷ್ಯಾ, ಜನಾ ಹೊಂದಿಸಿದಾಂವ, ಮೀನನ್ನೂ ಹೊಂದಿಸ್ಯಾನ ಅಂದ್ಕೊಂಡೆ.’

ಹೀಗೆ ಆ ಮೀನು ಕುಪ್ಪಸದ ಬಟ್ಟೆಯ ದಾರಿ ಹಿಡಿದು ನಮ್ಮ ಮನೆಗೆ ಬಂದಿತ್ತು. ಫೋನ್ ಇಟ್ಟ ಮೇಲೆ ಹೆಂಡತಿ ಮೆಲ್ಲಗೆ, ‘ಮುರಗೋಡದಾಗ ನಿಮ್ಮ ತಮ್ಮನ ಮನಿ ವಾಸ್ತುಶಾಂತಿ ಬಂದೈತಲ್ರಿ,’ ಎಂದಳು. ವಿಚಾರ ನನಗೂ ಹಿಡಿಸಿತು. ತಮ್ಮ ಕೊಟ್ಟ ಗಪ್ಪಿಗಳೆಲ್ಲ ಇದರ ಹೊಟ್ಟೆಯಲ್ಲೇ ಇವೆ. ಇದನ್ನು ಅವನಿಗೆ ಕೊಟ್ಟರೆ ಅವನದನ್ನು ಅವನಿಗೇ ಮುಟ್ಟಿಸಿದಂತೆ. ಮಗಳು ನನ್ನ ಮುಖ ನೋಡಿದಳು. ನಾನು ಎದ್ದು ಅಂಗಿ ಹಾಕಿಕೊಂಡು ಪೇಟೆಗೆ ಹೋಗಿ ಇನ್ನೊಂದು ಟ್ಯಾಂಕು ತಂದೆ.

ಅವತ್ತೇ ಸಂಜೆ ಬೀಗರನ್ನು ಎತ್ತಿ ಅದರಲ್ಲಿ ಬಿಟ್ಟೆ, ಗಡಿಗೆಯ ಸಮೇತ. ಒಂಟಿಯಾಗಿದ್ದರೆ ಅದರಂಥ ಸಂಭಾವಿತ ಮೀನು ಇನ್ನೊಂದಿಲ್ಲ. ಕರೆದರೆ ಬರುತ್ತದೆ, ಕೈಯಿಂದ ಕಾಳು ತಿನ್ನುತ್ತದೆ. ತಪ್ಪು ಅದರದ್ದಲ್ಲ. ಅದು ಹೊಂದುವುದಿಲ್ಲ ಎಂದು ಕಣ್ಣಾರೆ ನೋಡುತ್ತಿದ್ದವನು ನಾನು. ಗೋಲ್ಡ್ ಫಿಶ್ ಎರಡು ದಿನ ಪೈಪಿನ ಹಿಂದೆಯೇ ನಿಂತಿತ್ತು. ಆಮೇಲೆ ಹೊರಗೆ ಬಂದು, ಮೋಟು ಬಾಲ ಬೀಸುತ್ತ, ಓಲಾಡುತ್ತ ಕಾಳಿನ ಹತ್ತಿರ ಹೋಯಿತು.

ಹಬ್ಬ ಮುಗಿದು ಮಗಳು ಹೊರಟಳು. ರಾಮದುರ್ಗದ ಬಸ್ಸಿಗೆ ಅವಳನ್ನು ಹತ್ತಿಸಿ, ಕಿಟಕಿಯ ಕೆಳಗೆ ನಿಂತು, ‘ಅಲ್ಲೆ ಎಲ್ಲಾ ಛಲೋ ಐತೇನವಾ?’ ಎಂದು ಕೇಳಿದೆ. ಮದುವೆಯಾದಾಗಿನಿಂದ ಕೇಳುತ್ತ ಬಂದ ಪ್ರಶ್ನೆ.

‘ಆರಾಮ ಅದೇನಿ ಅಪ್ಪಾ,’ ಎಂದಳು.

ಅವಳು ಪ್ರತಿ ಸಲ ಅದನ್ನೇ ಹೇಳುತ್ತಾಳೆ. ನಾನೂ ಬೀಗರಿಗೆ ಪ್ರತಿ ಸಲ ಅದನ್ನೇ ಹೇಳುತ್ತಿದ್ದೆ. ಬೀಗರು ಒಳ್ಳೆಯವರು, ಅಳಿಯ ತಲೆ ತಗ್ಗಿಸಿ ಮಾತಾಡುವ ಹುಡುಗ, ಸಂಶಯಪಡುವಂಥದ್ದು ಏನೂ ಇರಲಿಲ್ಲ. ಆದರೆ ಮದುವೆಯಾದ ಮೇಲೆ ನಾನು ಆ ಮನೆಯಲ್ಲಿ ಚಹಾ ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಕೂತವನಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಬಹಳ ಹೊತ್ತು ಕೂಡಬಾರದು ಎಂದು ಹಿರಿಯರು ಹೇಳುತ್ತಾರೆ. ಡ್ರೈವರ್ ಗಾಡಿ ಚಾಲೂ ಮಾಡಿದ. ನನ್ನ ಕೈಯಲ್ಲಿ ಬೀಗರ ಉಪ್ಪಿನಕಾಯಿ ಬರಣಿ ಇತ್ತು. ಅವಳ ಕೈಯಲ್ಲಿ ಕಳಿಸಬೇಕೆಂದು ತಂದಿದ್ದೆ. ಬರಣಿ ಬರಿದಾಗಿ ಹೊಳ್ಳಿ ಹೋಗಬಾರದೆಂದು ಹೆಂಡತಿ ಅದರ ತುಂಬ ಉಂಡಿ ತುಂಬಿದ್ದಳು. ಅದನ್ನು ಎದೆಗೆ ಒತ್ತಿ ಹಿಡಿದು ನಾನೂ ಬಸ್ಸು ಹತ್ತಿದೆ.

ಹಬ್ಬ ಮುಗಿಸಿ ಹೊರಟ ಹೆಣ್ಣುಮಕ್ಕಳಿಂದ ಬಸ್ಸು ತುಂಬಿ ತುಳುಕುತ್ತಿತ್ತು. ‘ಅಜ್ಜಾರ, ಒಳಗ ಸರೀರಿ, ಜಾಗಾ ಐತಿ,’ ಎಂದ ಕಂಡಕ್ಟರ್. ಜಾಗ ಇರಲಿಲ್ಲ. ಮುರಗೋಡ ದಾಟುವವರೆಗೆ ಒಂದೇ ಕಾಲಿನ ಮೇಲೆ ನಿಂತೆ.

ಬೀಗರ ಮನೆಯಲ್ಲಿ ಚಹಾ ಆಯಿತು. ನಾನು ಏಳಲಿಲ್ಲ. ಊಟ ಆಯಿತು. ಆಗಲೂ ಏಳಲಿಲ್ಲ. ಬೀಗರಿಗೆ ಆಶ್ಚರ್ಯವಾಯಿತು, ಸಂತೋಷವೂ ಆದಂತೆ ಕಂಡಿತು. ಅಡಿಗೆಮನೆಯಲ್ಲಿ ಮಗಳು ಯಾವುದೋ ಮಾತಿಗೆ ಅತ್ತೆಯ ಜೊತೆ ಜೋರಾಗಿ ವಾದಿಸುತ್ತಿದ್ದಳು. ಅತ್ತೆ ಸೋತು ನಕ್ಕರು. ಮಗಳೂ ನಕ್ಕಳು. ನಾನು ಬಾಗಿಲ ಕಡೆ ಕಿವಿ ಕೊಟ್ಟು ಆ ನಗೆಯನ್ನು ಕೊನೆಯವರೆಗೆ ಕೇಳಿದೆ. ಸಂಜೆ ಹೆಂಡತಿಯ ಫೋನ್ ಬಂತು. ಹೇಳದೆ ಕೇಳದೆ ಎಲ್ಲಿಗೆ ಹೋದಿರಿ ಎಂದು ಬೈದು ಮುಗಿಸಿ, ಮಗಳು ಹೇಗಿದ್ದಾಳೆ ಎಂದು ಕೇಳಿದಳು.

‘ಆರಾಮ ಅದಾಳ,’ ಎಂದೆ. ‘ಈ ಸಲ ನೋಡಿ ಹೇಳಾಕತ್ತೇನಿ.’