ಬೇಲಿ ಪಕ್ಕದ ಜಾಗ

ಓಲೀಟಾ ಪ್ರಾಫಿಟ್ ನಮ್ಮ ಕೋರ್ಟಿನ ದಾಖಲೆ ಕೋಣೆಗೆ ಪ್ರತಿ ಮಂಗಳವಾರ ಬರುತ್ತಿದ್ದಳು. ಕೈಚೀಲದಲ್ಲಿ ಒಂದು ಭೂತಗನ್ನಡಿ, ಕರವಸ್ತ್ರದಲ್ಲಿ ಸುತ್ತಿದ ಬನ್ನು, ಬಾಯಲ್ಲಿ ನನಗೆಂದೇ ತಂದ ಒಂದು ಬೈಗುಳ ಇದ್ದೇ ಇರುತ್ತಿದ್ದವು.

"ಏನೇ ರೋವೀನಾ, ಕಿಟಕಿ ತೆಗೆಯೋಕೂ ಜಡ್ಜು ಆರ್ಡರ್ ಬರೀಬೇಕೇನೇ? ಸತ್ತೋರ ಹೆಸ್ರು ಓದೋಕ್ ಬಂದಿದೀನಿ ಕಣೇ, ನಾನೇ ಸಾಯೋಕಲ್ಲ."

ಆ ಕೋಣೆಯ ಗುಮಾಸ್ತೆ ನಾನು. ಅಲ್ಲಿಗೆ ಬರುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಬೇಸಿಗೆಯಲ್ಲಿ ಒಹಾಯೊದಿಂದ ದೊಡ್ಡ ದೊಡ್ಡ ಕಾರುಗಳಲ್ಲಿ ಬರುತ್ತಾರೆ. ಅವರಿಗೆಲ್ಲ ತಮ್ಮ ವಂಶದಲ್ಲಿ ಒಬ್ಬ ಸೇನಾಪತಿ ಬೇಕು. ಮುತ್ತಾತ ಕುದುರೆ ಕದ್ದು ಸಿಕ್ಕಿಬಿದ್ದಿದ್ದು ಕಂಡರೆ, ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಊಟಕ್ಕೆ ಹೋಗಿಬಿಡುತ್ತಾರೆ. ಓಲೀಟಾಗೆ ಸೇನಾಪತಿ ಬೇಕಿರಲಿಲ್ಲ. ಕುದುರೆಗಳ್ಳನಾದರೂ ಸರಿ, ತನ್ನವರು ಅಂತ ಯಾರಾದರೂ ಬೇಕಿತ್ತು.

ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿ ಬೇಯಿಸಿ ಅವಳ ಆಯಸ್ಸು ಕಳೆದಿತ್ತು. ಈ ಕೌಂಟಿಯ ಅರ್ಧದಷ್ಟು ಜನ ಅವಳ ಕೈಯ ಅನ್ನ ತಿಂದವರೇ, ನಾನೂ ಸೇರಿ. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದರೆ, "ನಂಗ್ ಗೊತ್ತಿರೋದು ಐನೂರು ಜನಕ್ಕೆ ಅಳತೆ ಹಾಕೋದು. ಒಬ್ಬನಿಗೆ ಎಷ್ಟ್ ಉಪ್ಪು ಹಾಕ್ಬೇಕು ಅಂತ ಯಾರೂ ಕಲಿಸ್ಲಿಲ್ಲ" ಅನ್ನುತ್ತಿದ್ದಳು. ಅಣ್ಣತಮ್ಮಂದಿರಿಲ್ಲ. ಅಪ್ಪ ಅಮ್ಮ ಎಂದೋ ಹೋಗಿ ಊರೊಳಗಿನ ಸ್ಮಶಾನದಲ್ಲಿದ್ದರು.

ನಮ್ಮ ಕೆಂಟಕಿ ಬೆಟ್ಟಗಳಲ್ಲಿ ಊರೊಳಗಿನ ಸ್ಮಶಾನ ಎಂದರೆ ಬೇರೆ ಗತಿಯಿಲ್ಲದವರದ್ದು. ಮನೆತನ ಇದ್ದವರಿಗೆ ಸ್ವಂತ ಗುಡ್ಡವಿರುತ್ತದೆ, ಗುಡ್ಡದ ನೆತ್ತಿಯಲ್ಲಿ ಬೇಲಿ ಹಾಕಿದ ಸ್ವಂತ ಜಾಗವಿರುತ್ತದೆ. ಒಳಗೆ ಹೋಗಬೇಕಾದರೆ ರಕ್ತಸಂಬಂಧ ಇರಬೇಕು, ಇಲ್ಲವೇ ಮದುವೆಯಾಗಿ ಬಂದಿರಬೇಕು. ಮೇ ತಿಂಗಳ ಸಮಾಧಿ ಸಿಂಗಾರದ ಭಾನುವಾರ ಎಲ್ಲರೂ ಅವರವರ ಗುಡ್ಡ ಹತ್ತಿ ಹುಲ್ಲು ಕೀಳುತ್ತಾರೆ, ಹೂವಿಡುತ್ತಾರೆ, ಅಲ್ಲೇ ಮೇಜು ಹಾಕಿ ಉಣ್ಣುತ್ತಾರೆ. ಅಂದು ಊರಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಓಲೀಟಾ ಮಾತ್ರ ಕೆಳಗೆ ಅಪ್ಪ ಅಮ್ಮನ ಕಲ್ಲು ಒರೆಸಿ, ಮನೆಗೆ ಹೋಗಿ ರೇಡಿಯೊ ಹಾಕಿಕೊಂಡು ಕೂರುತ್ತಿದ್ದಳು.

ಅವಳಿಗೆ ಗುಡ್ಡ ಇಲ್ಲದ್ದಕ್ಕೆ ಕಾರಣ ಅವಳ ತಾತ ಎಲ್ಬರ್ಟ್. ನಮ್ಮ ಹಳೆಯ ಕೋರ್ಟ್ ಪುಸ್ತಕದಲ್ಲಿ ಅವನ ಬಗ್ಗೆ ಇರುವುದು ಒಂದೇ ಸಾಲು. ಎಲ್ಬರ್ಟ್ ಎಂಬ ಅನಾಥ ಹುಡುಗನನ್ನು, ಪ್ರಾಯಕ್ಕೆ ಬರುವ ತನಕ ದುಡಿಸಿಕೊಂಡು ಸಾಕಲು, ಪ್ರಾಫಿಟ್ ಎಂಬ ರೈತನಿಗೆ ಒಪ್ಪಿಸಲಾಗಿದೆ. ಅಷ್ಟೆ. ಅಪ್ಪನ ಹೆಸರಿಲ್ಲ, ಅಮ್ಮನ ಹೆಸರಿಲ್ಲ. ದೊಡ್ಡವನಾದ ಮೇಲೆ ಹುಡುಗ ರೈತನ ಹೆಸರನ್ನೇ ಇಟ್ಟುಕೊಂಡ. ಆದರೆ ಪ್ರಾಫಿಟರು ಅವನನ್ನು ತಮ್ಮ ಗುಡ್ಡಕ್ಕೆ ಬಿಟ್ಟುಕೊಳ್ಳಲಿಲ್ಲ. ದುಡಿಯಲು ಬಂದವನು ಮನೆಯವನಾಗುತ್ತಾನೆಯೇ?

ಓಲೀಟಾ ವರ್ಷಗಟ್ಟಲೆ ಹುಡುಕಿದ್ದು ಈ ಎಲ್ಬರ್ಟನ ಮೂಲವನ್ನು. ಒಂದು ಕಾಲದಲ್ಲಿ ಜನಗಣತಿಯಲ್ಲಿ ಸ್ಪರ್ಲಾಕ್ ಎಂಬ ಮನೆತನದಲ್ಲಿ ಅದೇ ವಯಸ್ಸಿನ ಒಬ್ಬ ಎಲ್ಬರ್ಟ್ ಅವಳ ಕಣ್ಣಿಗೆ ಬಿದ್ದಿದ್ದ. ಲೈಬ್ರರಿಯ ಕಂಪ್ಯೂಟರಿನಲ್ಲಿ ಕೂತು, ವಂಶವೃಕ್ಷಗಳ ಜಾಲತಾಣವೊಂದರಲ್ಲಿ ಅದನ್ನು ಹಾಕಿ, 'ಇವನು ಅವನೇ ಇರಬಹುದು, ಗೊತ್ತಿದ್ದವರು ತಿಳಿಸಿ' ಎಂದು ಕೆಳಗೆ ಬರೆದಳು. ಯಾರೂ ತಿಳಿಸಲಿಲ್ಲ. ಪಾಸ್‌ವರ್ಡ್ ಮರೆತುಹೋಯಿತು, ಪುಟವೂ ಮರೆತುಹೋಯಿತು.

ಎಷ್ಟೋ ವರ್ಷಗಳ ನಂತರ, ಒಂದು ಮಂಗಳವಾರ ಅವಳು ಬೈಗುಳ ಇಲ್ಲದೆ ಬಂದಳು. ಮುಖ ಕೆಂಪಗಾಗಿತ್ತು.

"ಸಿಕ್ಕಿದ್ರು ಕಣೇ! ಒಂದಲ್ಲ ಎರಡಲ್ಲ, ಒಂದು ಡಜನ್ ಜನ ಅವ್ರವ್ರ ವಂಶವೃಕ್ಷದಲ್ಲಿ ಬರ್ದಿದಾರೆ, ನಮ್ ತಾತ ಸ್ಪರ್ಲಾಕರ ಹುಡುಗ ಅಂತ. ನಾನೊಬ್ಳೇ ಅನ್ಕೊಂಡಿದ್ದಲ್ಲ ನೋಡು!"

ಅವರಲ್ಲೊಬ್ಬ ಇಂಡಿಯಾನಾದಲ್ಲಿರುವ ವೆಂಡೆಲ್ ಸ್ಪರ್ಲಾಕ್. ಅವಳು ಅವನಿಗೆ ಬರೆದಿದ್ದಳು, ಅವನು ಆಗಲೇ ಫೋನು ಮಾಡಿದ್ದ. ಅವನ ಮಾತನ್ನು ಅವನದೇ ದನಿಯಲ್ಲಿ ಎಷ್ಟು ಸಲ ನನಗೆ ಒಪ್ಪಿಸಿದಳೋ! "ಅಕ್ಕಯ್ಯಾ, ಈ ಸಲ ನಮ್ ಗುಡ್ಡಕ್ಕೆ ಬರ್ಲೇಬೇಕು ನೀನು. ಬೇಲಿ ಪಕ್ಕ, ಸೀಡರ್ ಮರದ ಕೆಳಗೆ ಒಂದ್ ಜಾಗ ಖಾಲಿ ಬಿದ್ದಿದೆ. ಅದು ನಿಂದೇ ಅನ್ಕೋ."

"ಜಾಗ ಕೊಟ್ಟ ಅಂತ ಇಷ್ಟು ಕುಣಿದಾಡೋರನ್ನ ನಾನು ನೋಡೇ ಇಲ್ಲ," ಎಂದೆ. "ಮನೆ ಕಟ್ಟೋ ಜಾಗ ಅಲ್ಲ ಅದು, ಗೊತ್ತಾ?"

"ನಿಂಗೇನೇ ಗೊತ್ತು? ನಿಮ್ ಗುಡ್ಡದ ಮೇಲೆ ನಿಂಗೆ ಹುಟ್ಟಿದಾಗಿಂದ ಜಾಗ ಇದೆ."



ಸಿಂಗಾರದ ಭಾನುವಾರಕ್ಕೆ ಮೊದಲ ಶುಕ್ರವಾರ ಅವಳು ಮತ್ತೆ ಬಂದಳು. ಒಣ ಸೇಬಿನ ಅಟ್ಟಿಕೇಕು ಮಾಡಲು ಅಂಗಡಿಯಿಂದ ಸಾಮಾನು ಕೊಂಡು ತಂದಿದ್ದಳು. ಅದು ತೆಳ್ಳಗೆ ಬೇಯಿಸಿದ ಪದರಗಳ ನಡುವೆ ಸೇಬಿನ ಹೂರಣ ಹಚ್ಚಿ ಒಂದರ ಮೇಲೊಂದು ಪೇರಿಸುವ ಕೇಕು. ಮಾಡಲು ಜೀವ ತೇಯಬೇಕು, ನೆಂಟರಿಗಲ್ಲದೆ ಯಾರೂ ಮಾಡುವುದಿಲ್ಲ.

"ನಿನ್ ಕಂಪ್ಯೂಟರಲ್ಲಿ ವೆಂಡೆಲ್ ಪುಟ ತೆಗಿಯೇ. ಅವ್ನ ಹತ್ರ ತಾತನ ಫೋಟೋನೂ ಇದೆಯಂತೆ! ನಮ್ಮನೇಲಿರೋದೇ, ಅದ್ರ ಜೋಡಿ ಪ್ರತಿ ಅವ್ರ ಮನೇಲೂ ಉಳ್ಕೊಂಡಿತ್ತು ಅಂದ್ರೆ, ಇನ್ನೇನ್ ಬೇಕು ಸಾಕ್ಷಿ?"

ತೆಗೆದೆ. ಟೋಪಿ ಹಾಕಿದ ಎಲ್ಬರ್ಟ್, ಒಂದು ಹೇಸರಗತ್ತೆಯ ಪಕ್ಕದಲ್ಲಿ ನಿಂತಿದ್ದ. ಅವಳಿಗೆ ಚೆನ್ನಾಗಿ ಕಾಣಲೆಂದು ದೊಡ್ಡದು ಮಾಡಿದೆ. ಚಿತ್ರದ ಕೆಳಅಂಚಿನಲ್ಲಿ, ಹಳೆಯ ಫೋಟೊದ ಆಚೆಗೆ, ಒಂದು ಚೂರು ಹಳದಿ ಮೇಜುಬಟ್ಟೆ ಕಾಣುತ್ತಿತ್ತು. ಅದರ ಮೇಲೆ ಕೆಂಪು ಚೆರಿ ಹಣ್ಣುಗಳು. ಆ ಬಟ್ಟೆಯ ಮೇಲೆ ನಾನು ಎಷ್ಟೋ ಸಲ ಕಾಫಿ ಕುಡಿದಿದ್ದೇನೆ. ತಕ್ಷಣ ಪುಟ ಮುಚ್ಚಲು ಹೋದೆ.

"ತಡಿ," ಅಂದಳು ಓಲೀಟಾ. ಚೀಲದಿಂದ ಭೂತಗನ್ನಡಿ ತೆಗೆದಳು. ಬಹಳ ಹೊತ್ತು ನೋಡಿದಳು.

"ಇದು ನನ್ ಮೇಜು."

ಆಮೇಲೆ ಒಂದೊಂದೇ ಪುಟದ ಜಾಡು ಹಿಡಿದು ನೋಡುತ್ತಾ ಹೋದೆವು. ವೆಂಡೆಲ್ ಇನ್ನೊಬ್ಬನಿಂದ ಎತ್ತಿದ್ದ, ಅವನು ಮತ್ತೊಬ್ಬಳಿಂದ. ಎಲ್ಲರ ತಳದಲ್ಲಿ ಇದ್ದದ್ದು ಓಲೀಟಾಳ ಆ ಮರೆತುಹೋದ ಪುಟ, ತಾತನ ಚಿತ್ರವನ್ನು ಅವಳೇ ತನ್ನ ಅಡುಗೆಮನೆಯ ಮೇಜಿನ ಮೇಲಿಟ್ಟು ತೆಗೆದು ಹಾಕಿದ್ದ ಫೋಟೊ. 'ಇರಬಹುದು' ಎಂದು ಅವಳು ಬರೆದಿದ್ದನ್ನು ಮಾತ್ರ ಒಬ್ಬರೂ ಎತ್ತಿಕೊಂಡಿರಲಿಲ್ಲ. ಅಷ್ಟು ವರ್ಷ ಕಾದು ಅವಳು ಕೇಳಿಸಿಕೊಂಡದ್ದು ತನ್ನದೇ ದನಿಯನ್ನು.

"ಯಾರಿಗೂ ಹೇಳ್ಬೇಡ," ಎಂದೆ. "ಯಾರಿಗೇನ್ ನಷ್ಟ? ಇರಬಹುದು ಅಂದ್ರೆ ಇರ್ಲೂಬಹುದು. ಬಾಯ್ ಮುಚ್ಕೊಂಡ್ ಹೋಗಿ ಉಂಡು ಬಾ."

"ಉಂಡು ಬರೋದಾದ್ರೆ ಸರಿ ಕಣೇ. ಆದ್ರೆ ಅಲ್ಲೇ ಮಲಗ್ಬೇಕಲ್ಲ? ಯಾರ್ದೋ ಮಕ್ಳ ಮಧ್ಯೆ, ಇವ್ರೆಲ್ಲ ನಮ್ಮೋರು ಅಂತ ಸುಳ್ ಹೇಳ್ಕೊಂಡು, ಎಷ್ಟ್ ಕಾಲ ಮಲಗ್ಲಿ ನಾನು?"

ಆದರೂ ಅವಳು ಕೇಕು ಮಾಡಿದಳು. ಭಾನುವಾರ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಸ್ಪರ್ಲಾಕರ ಗುಡ್ಡದ ಮೇಲೆ ಮೇಜುಗಳ ತುಂಬ ಕೋಳಿ, ಹುರುಳಿಕಾಯಿ, ಜೋಳದ ರೊಟ್ಟಿ. ವೆಂಡೆಲ್ ಹೊಟ್ಟೆ ಕುಣಿಸಿಕೊಂಡು ಓಡಿ ಬಂದು ಅಪ್ಪಿಕೊಂಡ. ಅವನ ತಂಗಿ ಇಮೊಜೀನ್ "ಅಕ್ಕಾ" ಅನ್ನುತ್ತಾ ಕೇಕು ಇಳಿಸಿಕೊಂಡಳು. ಊಟಕ್ಕೆ ಪ್ರಾರ್ಥನೆ ಆಗುವ ಮೊದಲೇ ಓಲೀಟಾ ಅವರಿಬ್ಬರನ್ನೂ ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿಬಿಟ್ಟಳು.

ವೆಂಡೆಲ್ ನಕ್ಕುಬಿಟ್ಟ. "ಅಯ್ಯೋ, ಅದಕ್ಕ್ಯಾಕೆ ಅಷ್ಟೊಂದು ತಲೆ ಕೆಡಿಸ್ಕೋತೀರಾ! ತಟ್ಟೆ ತಗೊಳಿ, ತಟ್ಟೆ ತಗೊಳಿ."

ಯಾರೂ ಮುಖ ಗಂಟುಹಾಕಲಿಲ್ಲ. ಕೇಕನ್ನು ಎಲ್ಲರೂ ಹೊಗಳಿದರು. ಆದರೆ ವೆಂಡೆಲ್‌ಗೆ ಅವಳು 'ನೀನು' ಇದ್ದವಳು 'ನೀವು' ಆಗಿದ್ದಳು. ಇಮೊಜೀನ್ ರೊಟ್ಟಿ ಬಡಿಸುವಾಗ "ಇನ್ನೊಂದ್ ಹಾಕ್ಲಾ, ಮಿಸ್ ಪ್ರಾಫಿಟ್?" ಎಂದಳು. ಸೀಡರ್ ಮರದ ಮಾತನ್ನು ಯಾರೂ ಎತ್ತಲಿಲ್ಲ. ಓಲೀಟಾ ಒಮ್ಮೆ ಮಾತ್ರ ಆ ಕಡೆ ನೋಡಿದಳು, ನಾನು ಕಂಡೆ.

ಇಳಿದು ಬರುವಾಗ ಖಾಲಿ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಕೇಕ್ ಒಂದ್ ಚೂರೂ ಉಳೀಲಿಲ್ಲ," ಎಂದಳು. ದಾರಿಯುದ್ದಕ್ಕೂ ಅದೊಂದೇ ಮಾತು.

ಮುಂದಿನ ಮಂಗಳವಾರದಿಂದ ಅವಳು ಆ ಡಜನ್ ಜನಕ್ಕೂ ಬರೆಯತೊಡಗಿದಳು. 'ಅದು ನನ್ನ ಊಹೆ, ತಪ್ಪಿರಬಹುದು, ದಯವಿಟ್ಟು ತೆಗೆಯಿರಿ.' ಇಬ್ಬರು ತೆಗೆದರು. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬಳು ಮಾತ್ರ ಕೇಳಿದಳು: 'ನೀವು ಯಾರು? ಮನೆಯವರಾ?' ಅದಕ್ಕೆ ಓಲೀಟಾ ಉತ್ತರ ಬರೆಯಲು ಕೂತು, ಎದ್ದು, ಮತ್ತೆ ಕೂತು, ಕೊನೆಗೆ ಕಂಪ್ಯೂಟರ್ ಆರಿಸಿ ನನ್ನ ಹತ್ತಿರ ಹಳೆಯ ಪುಸ್ತಕವನ್ನೇ ಕೇಳಿದಳು.

ಎಲ್ಬರ್ಟನ ಮನೆಯವರು ಕೊನೆಗೂ ಸಿಗಲಿಲ್ಲ. ಒಂದು ಚಳಿಗಾಲದಲ್ಲಿ ಓಲೀಟಾ ತೀರಿಕೊಂಡಳು. ಶಾಲೆಯ ಅಡುಗೆಮನೆಯ ಹೆಂಗಸರು ಮತ್ತು ನಾನು ಅವಳನ್ನು ಊರೊಳಗಿನ ಸ್ಮಶಾನದಲ್ಲಿ, ಅಪ್ಪ ಅಮ್ಮನ ಪಕ್ಕ ಮಲಗಿಸಿದೆವು. ಮಂಗಳವಾರ ಬಂದರೆ ನಾನು ಈಗ ಹೇಳಿಸಿಕೊಳ್ಳದೆಯೇ ಕಿಟಕಿ ತೆಗೆಯುತ್ತೇನೆ. ಆ ಕೋಣೆ ನನಗೆ ಇಷ್ಟು ಖಾಲಿ ಅನ್ನಿಸುತ್ತದೆಂದು ನಾನು ಎಣಿಸಿರಲಿಲ್ಲ.

ಮೊನ್ನೆ ಕೆಲಸವಿಲ್ಲದ ಹೊತ್ತಿನಲ್ಲಿ ಅವಳ ಹೆಸರು ಹಾಕಿ ಹುಡುಕಿದೆ. ಆ ಜಾಲತಾಣದಲ್ಲಿ ಸ್ಪರ್ಲಾಕರ ವಂಶವೃಕ್ಷಗಳು ಇನ್ನೂ ಹೆಚ್ಚಾಗಿವೆ. ಈಗ ಅವುಗಳಲ್ಲಿ ಅವಳೂ ಇದ್ದಾಳೆ. ಎಲ್ಬರ್ಟ್ ಸ್ಪರ್ಲಾಕನ ಮೊಮ್ಮಗಳು ಓಲೀಟಾ. ಸಮಾಧಿ: ಸ್ಪರ್ಲಾಕ್ ಗುಡ್ಡ. ಯಾರೋ ಕಂಡರಿಯದವರು, ಎಲ್ಲರೂ ಅಲ್ಲೇ ಇರುವಾಗ ಇವಳೂ ಅಲ್ಲೇ ಇರಬೇಕು ಎಂದುಕೊಂಡು ತುಂಬಿಬಿಟ್ಟಿದ್ದಾರೆ.

ಹಾಗೇ ಬಿಟ್ಟುಬಿಡೋಣ ಎಂದು ಮನಸ್ಸು ಎಳೆಯಿತು. ಅವಳು ಜೀವಮಾನವಿಡೀ ಬೇಡಿದ್ದು ಇದೊಂದನ್ನೇ ಅಲ್ಲವೇ? ಆದರೆ ಅದನ್ನು ಕೈಯಾರೆ ಹಿಂದಕ್ಕೆ ಕೊಟ್ಟು ಬಂದವಳೂ ಅವಳೇ. ಆ ಪುಟದ ಯಜಮಾನನಿಗೆ ಬರೆದೆ: 'ಓಲೀಟಾ ಪ್ರಾಫಿಟ್ ಆ ಗುಡ್ಡದಲ್ಲಿಲ್ಲ. ಕೆಳಗೆ ಊರಲ್ಲಿದ್ದಾಳೆ. ಪ್ರತಿ ಮೇ ತಿಂಗಳು ಅವಳ ಹುಲ್ಲು ಕೀಳುವವಳು ನಾನೇ.'

ಸಂಜೆ ಉತ್ತರ ಬಂತು.

'ನೀವು ಅವರಿಗೆ ಏನಾಗಬೇಕು?'